ನಿಂತ ಮೀಟರಿನ ಗಾಡಿ

ಗುಡ್ಡದ ಕ್ಯಾಂಪ್
ಜನವರಿ ೯

ಪ್ರೀತಿಯ ಭಾವನವರಿಗೆ,

ನಿಮ್ಮ ಬಾಮೈದನ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ, ಗಾಡಿಯೊಂದನ್ನು ಬಿಟ್ಟು.

ಮೊದಲು ನಿಮ್ಮ ಕೆಲಸ. ಈ ವರ್ಷದ ತಪಾಸಣೆ ಚೀಟಿ ಹನ್ನೆರಡಕ್ಕೂ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಟೈರು, ದೀಪ, ಆಯಿಲ್, ಬ್ರೇಕು ಎಂದಿರುವ ಕಡೆಯೆಲ್ಲ ಎಂದಿನಂತೆ ಖಾಲಿ ಬಿಟ್ಟಿದ್ದೇನೆ. ಪ್ರತಿ ತಿಂಗಳ ಐದಕ್ಕೆ ಚೀಟಿ ನಿಮ್ಮ ಮೇಜಿನ ಮೇಲಿರಬೇಕು, ನಮ್ಮ ಅಂಚೆ ಗುಡ್ಡ ಇಳಿಯುವಷ್ಟರಲ್ಲಿ ಹದಿನೈದಾಗುತ್ತದೆ, ಬೈಗುಳ ನಿಮಗೆ. ಅದಕ್ಕೇ ಮೂರು ವರ್ಷದ ಹಿಂದೆ ನೀವು ಹೇಳಿಕೊಟ್ಟಿರಿ: ವರ್ಷದ ಸಹಿಯನ್ನೆಲ್ಲ ಒಂದೇ ಸಲ ಹಾಕಿ ಕಳಿಸಿಬಿಡು, ಉಳಿದದ್ದು ನಾನು ತಿಂಗಳು ತಿಂಗಳು ತುಂಬಿಕೊಳ್ಳುತ್ತೇನೆ ಅಂತ. ಒಳ್ಳೆಯ ಉಪಾಯ. ಹನ್ನೆರಡನೆಯ ಸಹಿ ಹಾಕುವಷ್ಟರಲ್ಲಿ ಅದು ಬೇರೆ ಯಾರದೋ ಸಹಿಯಂತೆ ಕಂಡಿತು ನೋಡಿ, ನನ್ನ ಕೈಗೆ ಅಷ್ಟು ಬರೆದು ಅಭ್ಯಾಸವಿಲ್ಲ.

ಇನ್ನು ಗಾಡಿ. ಮೀಟರಿನ ಕೇಬಲ್ ತುಂಡಾಗಿದೆ. ಅಂಕಿ ೬೪,೮೭೦ ಕಿಲೋಮೀಟರಿನಲ್ಲಿ ನಿಂತಿದೆ. ಅರವತ್ತೈದು ಸಾವಿರಕ್ಕೆ ಸರ್ವಿಸ್ ಅಂತ ನಿಮ್ಮ ಪುಸ್ತಕದಲ್ಲಿದೆ. ಮೂರು ದಿನ ಓಡಿದರೆ ಅಷ್ಟಾಗುತ್ತದೆ, ಆದರೆ ಮೀಟರಿಗೆ ಅದು ಗೊತ್ತಾಗುವುದಿಲ್ಲ. ಗಾಡಿಯನ್ನು ಮುಖ್ಯ ಕಚೇರಿಯ ವರ್ಕ್‌ಶಾಪಿಗೆ ತರುವುದಕ್ಕೆ ಒಂದು ಅಪ್ಪಣೆ ಚೀಟಿ ಕಳಿಸಿ. ಎರಡು ದಿನದ ದಾರಿ, ಅಕ್ಕನನ್ನೂ ನೋಡಿದ ಹಾಗಾಗುತ್ತದೆ.

ಹಾಸುಗಲ್ಲು ಜೋಡಿಸುವ ಹನ್ನೊಂದು ಹೆಂಗಸರನ್ನು ಬೆಳಿಗ್ಗೆ ಮೇಲೆ ಗಣಿಗೆ ಬಿಡುವುದು, ಸಂಜೆ ಕೆಳಗೆ ತರುವುದು, ಇಷ್ಟೇ ನನ್ನ ಲೋಕ. ಹನ್ನೊಂದು ಜನ ಒಟ್ಟಿಗೆ ಮಾತಾಡುತ್ತಾರೆ, ಹಾರನ್ ಬೇಕಿಲ್ಲ.

ಅಕ್ಕನ ಮಂಡಿನೋವು ಹೇಗಿದೆ? ಮಕ್ಕಳಿಗೆ ಮಾಮನ ಮುತ್ತು.

ನಿಮ್ಮ ಬಾಮೈದ


ಮುಖ್ಯ ಕಚೇರಿ
ಜನವರಿ ೨೪

ಬಾಮೈದನಿಗೆ ಆಶೀರ್ವಾದ.

ಚೀಟಿಗಳು ತಲುಪಿದವು. ಸಹಿ ಕೋಳಿ ಕೆರೆದ ಹಾಗಿದೆ, ಆದರೂ ನಡೆಯುತ್ತದೆ.

ಮೀಟರಿನ ಕೇಬಲ್ ಬದಲಾಯಿಸುವುದು ಸರ್ವಿಸ್‌ನಲ್ಲಿ ಬರುವ ಕೆಲಸ. ಸರ್ವಿಸ್ ಮೀಟರ್ ಪ್ರಕಾರ ಅರವತ್ತೈದು ಸಾವಿರಕ್ಕೆ. ನಿನ್ನ ಮೀಟರ್ ೬೪,೮೭೦ ತೋರಿಸುತ್ತಿರುವ ತನಕ ನಾನು ಅಪ್ಪಣೆ ಚೀಟಿ ಬರೆದರೆ, ಇನ್ನೂ ಸರ್ವಿಸ್ ಕಾಲ ಬಾರದ ಗಾಡಿಯನ್ನು ಯಾಕೆ ಕರೆಸಿದೆ ಎಂದು ನನ್ನನ್ನೇ ಕೇಳುತ್ತಾರೆ. ನಗಬೇಡ. ನಿಯಮ ನಿಯಮವೇ. ನೀನು ಏಳನೇ ಕ್ಲಾಸಿಗೆ ಬಿಟ್ಟವನು, ನಿನಗೆ ಇದೆಲ್ಲ ತಮಾಷೆಯಾಗಿ ಕಾಣುತ್ತದೆ.

ಇನ್ನೊಂದು ಮಾತು. ಮೂರು ವರ್ಷದಿಂದ ನಮ್ಮ ವಾಹನ ವಿಭಾಗದ ಒಂದು ಗಾಡಿಯೂ ಒಂದು ದಿನವೂ ನಿಂತಿಲ್ಲ. ಗೋಡೆಯ ಮೇಲೆ ಫಲಕ ಹಾಕಿದ್ದಾರೆ. ಹಾಗಾಗಿ ನಿನ್ನ ಗಾಡಿ ಸೀನಿದರೆ ನೀನೇ ಮೂಗು ಒರೆಸು.

ಅಕ್ಕನ ಮಂಡಿ ಹಾಗೇ ಇದೆ. ತಮ್ಮ ಯಾವಾಗ ಬರುತ್ತಾನೆ ಎಂದು ಕೇಳುತ್ತಿರುತ್ತಾಳೆ.

ಭಾವ


ಗುಡ್ಡದ ಕ್ಯಾಂಪ್
ಮಾರ್ಚ್ ೩

ಪ್ರೀತಿಯ ಭಾವನವರಿಗೆ,

ನಗಬೇಡ ಎಂದಿರಿ, ತಡೆಯಲಾಗಲಿಲ್ಲ. ಕೇಬಲ್ ಸರಿಯಾಗಬೇಕಾದರೆ ಸರ್ವಿಸ್ ಆಗಬೇಕು, ಸರ್ವಿಸ್ ಆಗಬೇಕಾದರೆ ಕೇಬಲ್ ಸರಿಯಾಗಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುವ ಹಾಗೆ. ಗಾಡಿಯೊಳಗೆ ಇದನ್ನು ಓದಿ ಹೇಳಿದೆ. ಹೆಂಗಸರು ಗುಡ್ಡ ಇಳಿಯುವ ತನಕ ನಕ್ಕರು.

ಈಗ ನಗದೆ ಹೇಳುತ್ತೇನೆ. ಬ್ರೇಕ್ ಹಿಡಿಯುತ್ತಿಲ್ಲ. ಒಂದು ಸಲ ತುಳಿದರೆ ಪೆಡಲ್ ಅರ್ಧಕ್ಕೆ ಹೋಗಿ ಮೆತ್ತಗಾಗುತ್ತದೆ, ಎರಡನೇ ಸಲ ತುಳಿದಾಗ ಗಾಡಿ ನಿಲ್ಲುತ್ತದೆ. ಗಾಲಿಯಿಂದ ಕಬ್ಬಿಣ ಉಜ್ಜಿದ ಸದ್ದು ಬರುತ್ತಿದೆ, ಲೈನಿಂಗ್ ಸವೆದಿರಬೇಕು. ಹೊರಗಿನ ಮೆಕ್ಯಾನಿಕ್ ಮುಟ್ಟಬಾರದು ಎಂದು ಬಾನೆಟ್ ಮೇಲೇ ಬರೆದಿದ್ದೀರಿ.

ನಾವೇ ಒಂದು ಮೀಟರ್ ಮಾಡಿಕೊಂಡಿದ್ದೇವೆ. ನಮ್ಮಲ್ಲಿ ಲೆಕ್ಕದಮ್ಮ ಅಂತ ಒಬ್ಬಳಿದ್ದಾಳೆ, ಗಣಿಯಲ್ಲಿ ಕಲ್ಲು ಎಣಿಸುವವಳು. ಗಂಡ ತೀರಿಕೊಂಡು ಆರು ವರ್ಷ. ಬಾಗಿಲ ಪಕ್ಕ ಕೂರುತ್ತಾಳೆ. ದಿನಕ್ಕೆ ಎರಡು ಸಲ ಹತ್ತಿ ಎರಡು ಸಲ ಇಳಿಯುವ ದಾರಿಗೆ ಬಾಗಿಲ ಒಳಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾಳೆ. ಒಂದು ಗೀಟಿಗೆ ನಲವತ್ತನಾಲ್ಕು ಕಿಲೋಮೀಟರ್. ಅವಳ ಪ್ರಕಾರ ಕೇಬಲ್ ಹೋದ ಮೇಲೆ ಎರಡು ಸಾವಿರ ಓಡಿದ್ದೇವೆ. ಅವಳ ಲೆಕ್ಕ ಇದುವರೆಗೆ ಒಂದು ಕಲ್ಲೂ ತಪ್ಪಿಲ್ಲ.

"ಕಚೇರಿಗೆ ಬರ್ದ್ರಾ?" ಅಂತ ದಿನಾ ಕೇಳುತ್ತಾಳೆ. "ಬರ್ದಿದೀನಮ್ಮ, ಅಲ್ಲಿರೋದು ನಮ್ ಭಾವನೇ" ಅಂದೆ. "ಭಾವನೇ ಆದ್ರೆ ಸರಿ ಬಿಡಿ" ಅಂದು ಹತ್ತಿದಳು.

ನಿಮ್ಮ ಬಾಮೈದ


ಮುಖ್ಯ ಕಚೇರಿ
ಮಾರ್ಚ್ ೧೯

ಬಾಮೈದ,

ಬಾಗಿಲ ಮೇಲೆ ಸೀಮೆಸುಣ್ಣದ ಗೀಟು! ಅದನ್ನು ಕಿತ್ತು ಫೈಲಿಗೆ ಹಾಕಲೇ? ಕಲ್ಲು ಹೊರುವ ಹೆಂಗಸರು ನಮ್ಮ ವಿಭಾಗಕ್ಕೆ ಲೆಕ್ಕ ಹೇಳಿಕೊಡುವ ಕಾಲ ಬಂತು. ನನ್ನ ಕಾಗದವನ್ನು ಅವರ ಮುಂದೆ ಓದಿದೆ ಎಂದು ಬರೆದಿದ್ದೀಯ. ಮನೆಯವರ ಕಾಗದ ಬೀದಿಯಲ್ಲಿ ಓದುವುದನ್ನು ಯಾರು ಕಲಿಸಿದರು?

ಇನ್ನು ಮುಂದೆ ಗಾಡಿಯ ವಿಷಯ ಕಚೇರಿಯ ವಿಳಾಸಕ್ಕೆ ಬರೆಯಬೇಡ. ಇಲ್ಲಿ ಬಂದ ಕಾಗದಕ್ಕೆ ನಂಬರು ಬೀಳುತ್ತದೆ, ನಂಬರು ಬಿದ್ದದ್ದಕ್ಕೆ ಉತ್ತರ ಕೊಡಬೇಕು, ಉತ್ತರ ಕೊಟ್ಟರೆ "ಮೂರು ತಿಂಗಳು ಏನು ಮಾಡುತ್ತಿದ್ದ" ಎಂದು ಮೊದಲು ನಿನ್ನನ್ನೇ ಹಿಡಿಯುತ್ತಾರೆ. ನಿನ್ನ ಈ ಎರಡು ಕಾಗದವನ್ನೂ ನಂಬರು ಬೀಳುವ ಮೊದಲೇ ನಾನು ಜೇಬಿಗೆ ಹಾಕಿಕೊಂಡೆ. ನಿನ್ನ ಒಳ್ಳೆಯದಕ್ಕೇ. ಏನಿದ್ದರೂ ಮನೆಯ ವಿಳಾಸಕ್ಕೆ ಬರಿ.

ಎರಡನೇ ಸಲ ತುಳಿದರೆ ನಿಲ್ಲುತ್ತದೆ ಎಂದಿದ್ದೀಯ. ಹಾಗಿದ್ದರೆ ಎರಡು ಸಲ ತುಳಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆ ವಿಧವೆಯ ಮಾತು ಕಾಗದದಲ್ಲಿ ಜಾಸ್ತಿಯಾಯಿತು ಎಂದು ನಿನ್ನ ಅಕ್ಕನೂ ಹೇಳಿದಳು.

ಭಾವ


ಗುಡ್ಡದ ಕ್ಯಾಂಪ್
ಮೇ ೨

ಭಾವನವರಿಗೆ,

ನೀವು ಹೇಳಿದ ಹಾಗೆ ಮನೆಗೇ ಬರೆದಿದ್ದೇನೆ. ಅಕ್ಕ, ನೀನು ಓದುತ್ತಿದ್ದರೆ ನಿನಗೂ ನಮಸ್ಕಾರ. ಲೆಕ್ಕದಮ್ಮನ ವಿಷಯ ನೀನು ಅಂದುಕೊಂಡ ಹಾಗೇನಿಲ್ಲ. ಇದ್ದರೂ ತಪ್ಪೇನಿಲ್ಲ.

ಮೊನ್ನೆ ಸೋಮವಾರ ಗಾಡಿ ನಿಲ್ಲಿಸಿಬಿಟ್ಟೆ. ಈಗ ಮೂರು ಸಲ ತುಳಿಯಬೇಕು. ಕೀಲಿಕೈ ತೆಗೆದುಕೊಂಡು ಹೋಗಿ ಗಣಿಯ ಸಾಹೇಬರ ಮೇಜಿನ ಮೇಲಿಟ್ಟೆ.

"ಏನಪ್ಪಾ ಇದು?"

"ಗಾಡಿ ಬ್ರೇಕ್ ಹಿಡೀತಿಲ್ಲ ಸಾರ್. ನೀವೊಂದು ಮಾತು ಕಚೇರಿಗೆ ಹೇಳಿ."

"ಗಾಡಿ ನಂದಲ್ಲಪ್ಪ, ಮುಖ್ಯ ಕಚೇರಿದು. ನಾನು ಬರೀ ಕಲ್ಲು ನೋಡ್ಕೊಳ್ಳೋನು."

"ಅವರು ನಾನು ನೋಡ್ಕೋಬೇಕು ಅಂತಾರೆ ಸಾರ್."

"ನೋಡ್ಕೋ ಮತ್ತೆ. ಅದಕ್ಕೇ ಅಲ್ವಾ ನಿನ್ನ ಇಟ್ಟಿರೋದು? ನಿನ್ ಕೈಲಾಗ್ದಿದ್ರೆ ಕೆಳಗೆ ಬಜಾರಲ್ಲಿ ಹತ್ತು ಜನ ಡ್ರೈವರ್‌ಗಳಿದಾರೆ, ಬ್ರೇಕೇ ಇಲ್ದೆ ಓಡ್ಸೋರು."

ಅಷ್ಟರಲ್ಲಿ ಹೆಂಗಸರು ಹನ್ನೊಂದು ಕಿಲೋಮೀಟರು ಹತ್ತಿ ಬಂದರು. ತಡವಾಯಿತು ಎಂದು ಅವರಿಗೆ ಅವತ್ತು ಕೆಲಸ ಕೊಡಲಿಲ್ಲ, ತಿರುಗಿ ನಡೆಸಿದರು. ನಮ್ಮಲ್ಲಿ ಗಂಟೆ ಅಂತ ಒಬ್ಬಳು, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅವತ್ತು ಬರೀ ನನ್ನ ಮುಖ ನೋಡಿ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಲೆಕ್ಕದಮ್ಮ ಬಂದು, "ನಿಧಾನಕ್ಕೆ ಓಡ್ಸಿ. ನಡೆದ್ರೆ ನಮ್ಗೆ ಉಪವಾಸ" ಅಂದಳು. ಮಂಗಳವಾರ ಓಡಿಸಿದೆ.

ನಮ್ಮಜ್ಜಿ ಹೇಳುತ್ತಿದ್ದ ಬಾವಿ ಹಗ್ಗದ ಕಥೆ ಅಕ್ಕನಿಗೆ ನೆನಪಿರಬೇಕು. ಒಂದೂರು, ಊರಿಗೆ ಒಂದೇ ಬಾವಿ, ಬಾವಿಗೆ ಒಂದೇ ಹಗ್ಗ. ಹಗ್ಗ ನಡುವೆ ಸವೆಯಿತು. ಎರಡು ಕೊಡ ಸೇದುವವಳು, ಹತ್ತು ಕೊಡ ಸೇದುವವಳು ತರಲಿ ಎಂದಳು. ಹತ್ತು ಕೊಡದವಳು, ಹಗ್ಗ ಊರ ಗೌಡನದು, ಅವನೇ ತರಲಿ ಎಂದಳು. ಗೌಡ, ನಾನು ಬಾವಿಯ ಕಡೆಗೇ ಹೋಗುವವನಲ್ಲ, ನನಗೇನು ಗೊತ್ತು ಎಂದ. ಹಾಗಂತ ನೀರು ಸೇದುವುದನ್ನು ಯಾರೂ ಬಿಡಲಿಲ್ಲ. ಕೊಡ ಸಣ್ಣದು ಮಾಡಿಕೊಂಡರು, ಕೈ ಹಗುರ ಮಾಡಿಕೊಂಡರು. ಒಂದು ದಿನ ಹಗ್ಗ ತುಂಡಾಯಿತು, ಮೊನ್ನೆ ತಾನೇ ಮದುವೆಯಾಗಿ ಬಂದ ಹುಡುಗಿ ಕೊಡದ ಜೊತೆ ಒಳಗೆ ಹೋದಳು. ಊರೆಲ್ಲ ಸೇರಿ ನ್ಯಾಯ ಮಾಡಿತು: ತುಂಡಾದಾಗ ಹಗ್ಗ ಯಾರ ಕೈಯಲ್ಲಿತ್ತು? ಅವಳ ಕೈಯಲ್ಲಿ. ಹಾಗಾದರೆ ತಪ್ಪು ಅವಳದು. ಅಜ್ಜಿ ಅಲ್ಲಿಗೆ ನಿಲ್ಲಿಸುತ್ತಿದ್ದಳು. ಆಮೇಲೆ ಹೊಸ ಹಗ್ಗ ಯಾರು ತಂದರಜ್ಜಿ ಅಂದರೆ, "ಬಾಯ್ಮುಚ್ಕೊಂಡು ಮಲಗೋ" ಅನ್ನುತ್ತಿದ್ದಳು.

ಅಪ್ಪಣೆ ಚೀಟಿ ಕಳಿಸಿ ಭಾವ.

ನಿಮ್ಮ ಬಾಮೈದ


ಮುಖ್ಯ ಕಚೇರಿ
ಮೇ ೧೫

ನಿನ್ನ ಅಜ್ಜಿಯ ಕಥೆಗೆ ನನ್ನ ಕಚೇರಿಯಲ್ಲಿ ಫೈಲ್ ಇಲ್ಲ.

ಸೋಮವಾರ ಗಾಡಿ ನಿಲ್ಲಿಸಿದೆಯಲ್ಲ, ಅದರ ಬೆಲೆ ಗೊತ್ತೇ? ಮೂರು ವರ್ಷದ ಫಲಕ ಗೋಡೆಯಿಂದ ಇಳಿಯುವುದರಲ್ಲಿತ್ತು. "ಡ್ರೈವರಿಗೆ ಜ್ವರ, ಗಾಡಿಯಲ್ಲಿ ದೋಷವಿಲ್ಲ" ಎಂದು ಬರೆದು ಉಳಿಸಿಕೊಂಡೆ. ಯಾರಾದರೂ ಕೇಳಿದರೆ ನಿನಗೆ ಅವತ್ತು ಜ್ವರ ಇತ್ತು. ನೆನಪಿರಲಿ.

ನಿನಗೆ ಆ ಕೆಲಸ ಯಾರು ಕೊಡಿಸಿದರು? ಊರಿನ ಕಟ್ಟೆಯ ಮೇಲೆ ಕೂತು ಕಥೆ ಹೇಳಿಕೊಂಡಿದ್ದವನ ಕೈಗೆ ಸ್ಟೇರಿಂಗ್ ಕೊಟ್ಟವನು ನಾನು. ಹತ್ತಿದ ಏಣಿ ಒದೆಯುವುದಕ್ಕೆ ನಿಮ್ಮ ಮನೆತನಕ್ಕೆ ಬೇರೆ ಕಲಿಸಬೇಕಾಗಿಲ್ಲ. ನಿನ್ನ ಅಕ್ಕ ನಿನ್ನ ಕಾಗದ ಓದಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಸಂಸಾರ ಒಡೆಯುವ ಆಸೆಯಿದ್ದರೆ ಇನ್ನೂ ನಾಲ್ಕು ಕಥೆ ಬರೆದು ಕಳಿಸು.

ಭಾವ


ಗುಡ್ಡದ ಕ್ಯಾಂಪ್
ಜುಲೈ ೮

ಭಾವನವರಿಗೆ,

ನನ್ನಿಂದ ನಿಮ್ಮ ಮನೆಯಲ್ಲಿ ಮಾತು ಬಂದದ್ದಕ್ಕೆ ಕ್ಷಮಿಸಿ. ಇದು ಚಿಕ್ಕ ಕಾಗದ.

ಬಾಗಿಲ ಲೆಕ್ಕದಲ್ಲಿ ಆರು ಸಾವಿರದ ಎಂಟುನೂರು ಆಯಿತು. ಬ್ರೇಕ್ ಆಯಿಲ್ ಎಲ್ಲೋ ಸೋರುತ್ತಿದೆ, ವಾರಕ್ಕೆರಡು ಸಲ ತುಂಬುತ್ತೇನೆ. ಇಳಿಜಾರಿನಲ್ಲಿ ಸೆಕೆಂಡ್ ಗೇರಿನಲ್ಲೇ ಇಳಿಯುತ್ತೇನೆ, ತಿರುವಿನಲ್ಲಿ ಹ್ಯಾಂಡ್ ಬ್ರೇಕು. ಮರದ ಒಂದು ಅಡ್ಡಗಟ್ಟೆ ಮಾಡಿಸಿದ್ದೇನೆ. ಗಾಡಿ ನಿಲ್ಲುವ ಹಾಗೆ ನಿಧಾನವಾದಾಗ ಲೆಕ್ಕದಮ್ಮ ಬಾಗಿಲಿಂದ ಹಾರಿ ಗಾಲಿಗೆ ಅದನ್ನು ಕೊಡುತ್ತಾಳೆ. ಹೇಗೆ ಕೊಡಬೇಕೆಂದು ನಾನೇ ಕಲಿಸಿದೆ. ಎರಡೇ ದಿನದಲ್ಲಿ ಕಲಿತಳು. ಗಂಟೆ ಅವಳಿಗೆ "ನಮ್ ಗಾಡಿ ಬ್ರೇಕಮ್ಮ" ಎಂದು ಹೆಸರಿಟ್ಟಿದ್ದಾಳೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಕೈ ಮಾತ್ರ ಸ್ಟೇರಿಂಗಿಗೆ ಅಂಟಿಕೊಂಡಿರುತ್ತದೆ.

ದಿನಾ ಕೇಳುತ್ತಾರೆ, ಬರೆದಿದ್ದೀನಿ ಅನ್ನುತ್ತೇನೆ. ಸುಳ್ಳಲ್ಲವಲ್ಲ. ಒಂದೇ ಒಂದು ಅಪ್ಪಣೆ ಚೀಟಿ ಭಾವ. ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ಬರೆಯಬೇಕೆಂದಿದ್ದರೆ ಇಗೋ ಬರೆದೆ.

ಬಾಮೈದ


ಮುಖ್ಯ ಕಚೇರಿ
ಜುಲೈ ೨೦

ಪ್ರೀತಿಯ ಬಾಮೈದನಿಗೆ,

ನಿನ್ನ ಕಾಗದ ಓದಿ ಮನಸ್ಸಿಗೆ ಕಷ್ಟವಾಯಿತು. ನಾನು ಕಲ್ಲಲ್ಲ. ಆಗಸ್ಟ್ ಇಪ್ಪತ್ತರ ತನಕ ತಡೆದುಕೋ. ಆಮೇಲೆ ನಿನ್ನ ಗಾಡಿಯನ್ನು ನಾನೇ ಕರೆಸುತ್ತೇನೆ, ಮೀಟರ್ ಏನೇ ಹೇಳಲಿ. ಆಗಸ್ಟ್ ಇಪ್ಪತ್ತು ಯಾಕೆ ಎಂದು ಕೇಳಬೇಡ, ಮೇಲಿನವರ ಕಣ್ಣು ಈಗ ನಮ್ಮ ವಿಭಾಗದ ಮೇಲಿದೆ. ಇಷ್ಟು ದಿನ ಓಡಿದ ಗಾಡಿ ಇನ್ನೊಂದು ತಿಂಗಳು ಓಡುವುದಿಲ್ಲವೇ? ನಿನ್ನಂಥ ಡ್ರೈವರ್ ನಮ್ಮಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಎಲ್ಲರ ಮುಂದೆ ಹೇಳುತ್ತಿರುತ್ತೇನೆ.

ಅಡ್ಡಗಟ್ಟೆಯ ಉಪಾಯ ಚೆನ್ನಾಗಿದೆ. ಅದನ್ನೇ ಮುಂದುವರಿಸು.

ಭಾವ


ಮುಖ್ಯ ಕಚೇರಿ
ಆಗಸ್ಟ್ ೧೧

ನನ್ನ ಪ್ರೀತಿಯ ತಮ್ಮನಿಗೆ,

ಸುದ್ದಿ ಬಂತು. ನೀನು ಬದುಕಿದ್ದೀಯ ಎಂದು ತಿಳಿಯುವ ತನಕ ನಿನ್ನ ಅಕ್ಕ ಒಂದು ತೊಟ್ಟು ನೀರು ಬಾಯಿಗೆ ಹಾಕಲಿಲ್ಲ. ಪಕ್ಕೆಲುಬು ಮುರಿದದ್ದು ಕೂಡುತ್ತದೆ. ಹೋದವರ ಹಣೆಯಲ್ಲಿ ಬರೆದದ್ದಕ್ಕೆ ಯಾರೇನು ಮಾಡಲಾಗುತ್ತದೆ?

ಈಗ ನಾನು ಹೇಳುವುದನ್ನು ತಂದೆ ಹೇಳಿದ ಹಾಗೆ ಕೇಳು. ತನಿಖೆ ಬರುತ್ತದೆ. ನಾನು ನಿನಗೆ ಬರೆದ ಕಾಗದಗಳಲ್ಲಿ ಬ್ರೇಕಿನ ಮಾತಿದೆ. ಅವು ತನಿಖೆಯವರ ಕೈಗೆ ಸಿಕ್ಕರೆ, "ಬ್ರೇಕ್ ಇಲ್ಲವೆಂದು ಗೊತ್ತಿದ್ದೂ ಓಡಿಸಿದ" ಎಂದು ಎಲ್ಲ ನಿನ್ನ ತಲೆಗೆ ಕಟ್ಟುತ್ತಾರೆ. ಅದಕ್ಕೇ ಒಂದೂ ಬಿಡದೆ ರಿಜಿಸ್ಟರ್ ಅಂಚೆಯಲ್ಲಿ ಮನೆಗೆ ಕಳಿಸಿಬಿಡು. ನನ್ನ ಹತ್ತಿರ ಭದ್ರವಾಗಿರುತ್ತವೆ. ಯಾರು ಏನೇ ಕೇಳಿದರೂ "ನನಗೆ ಗೊತ್ತಿಲ್ಲ, ಭಾವನವರನ್ನು ಕೇಳಿ" ಅನ್ನು. ಉಳಿದದ್ದು ನನಗೆ ಬಿಡು. ನಾನಿರುವ ತನಕ ನಿನ್ನ ಕೂದಲು ಕೊಂಕುವುದಿಲ್ಲ.

ನಿನ್ನ ಭಾವ


ಆಸ್ಪತ್ರೆ, ಗಂಡಸರ ವಾರ್ಡ್
ಆಗಸ್ಟ್ ೧೯

ಭಾವನವರಿಗೆ,

ನಿಮ್ಮ ಕಾಗದ ನೋಡಿ ಅತ್ತುಬಿಟ್ಟೆ. ಪಕ್ಕೆಲುಬು ಮುರಿದಾಗ ಅಳಬಾರದು, ನೋಯುತ್ತದೆ. ತಂದೆಯ ಹಾಗೆ ಎಂದು ಬರೆದಿರಲ್ಲ, ಅಷ್ಟು ಸಾಕು.

ನೀವು ಬರೆದ ಐದೂ ಕಾಗದ ಇದರ ಜೊತೆ ಇವೆ. ಪಕ್ಕದ ಹಾಸಿಗೆಯವನ ಹೆಂಡತಿ ಕ್ಯಾಂಪಿಗೆ ಹೋಗಿ ನನ್ನ ಪೆಟ್ಟಿಗೆಯಿಂದ ತಂದುಕೊಟ್ಟಳು.

ಏನಾಯಿತೆಂದು ನಿಮಗಾದರೂ ಹೇಳುತ್ತೇನೆ. ಆರನೇ ತಾರೀಕು ಸಂಜೆ ಇಳಿಯುತ್ತಿದ್ದೆ. ಮೂರನೇ ತಿರುವಿನಲ್ಲಿ ಪೆಡಲ್ ನೆಲಕ್ಕೆ ಹೋಯಿತು, ತಿರುಗಿ ಬರಲಿಲ್ಲ. ನಾಲ್ಕು ಸಲ, ಐದು ಸಲ ತುಳಿದೆ. ಹ್ಯಾಂಡ್ ಬ್ರೇಕ್ ಎಳೆದರೆ ತಂತಿ ಕೈಗೆ ಬಂತು. ಬೆಟ್ಟದ ಗೋಡೆಗೆ ಉಜ್ಜಿಸಿಕೊಂಡು ನಿಲ್ಲಿಸೋಣ ಎಂದು ಎಡಕ್ಕೆ ತಿರುಗಿಸಿದೆ. ಗಾಡಿ ಸ್ವಲ್ಪ ನಿಧಾನವಾಯಿತು. ನಾನು ಕಲಿಸಿದ್ದೆನಲ್ಲ, ಗಾಡಿ ನಿಧಾನವಾದರೆ ಹಾರಬೇಕೆಂದು. "ಬೇಡಾ, ಇಳೀಬೇಡಾ" ಎಂದು ಕೂಗಿದೆ. ಅಷ್ಟರಲ್ಲಿ ಅವಳು ಅಡ್ಡಗಟ್ಟೆ ಹಿಡಿದು ಹಾರಿಯಾಗಿತ್ತು. ಗಾಲಿ ಗಟ್ಟೆಯನ್ನೂ ಹತ್ತಿತು, ಅವಳ ಬಲಗಾಲನ್ನೂ ಹತ್ತಿತು. ಆಮೇಲೆ ಗಾಡಿ ಮಗುಚಿತು.

ಗಂಟೆ ಹೋದಳು. ಅವಳ ಪಕ್ಕ ಕೂತಿದ್ದ ಅವಳ ಸೊಸೆಯೂ ಹೋದಳು. ಗಾಡಿ ಮಗುಚಿದ ಮೇಲೆ ಒಂದು ಸದ್ದೂ ಇರಲಿಲ್ಲ ಭಾವ. ಹನ್ನೊಂದು ಜನ, ಒಂದು ಸದ್ದಿಲ್ಲ.

ಲೆಕ್ಕದಮ್ಮ ಹೆಂಗಸರ ವಾರ್ಡಿನಲ್ಲಿದ್ದಾಳೆ. ಕಾಲನ್ನು ಮಂಡಿಯ ಮೇಲೆ ತೆಗೆದರು. ನಡುವೆ ಒಂದೇ ಗೋಡೆ. ಹೋಗಿ ನೋಡುವ ಧೈರ್ಯ ಬಂದಿಲ್ಲ. ನರ್ಸಮ್ಮನ ಕೈಯಲ್ಲಿ ಹೇಳಿಕಳಿಸಿದೆ, ನಾನು ಬರೆದಿದ್ದೆ, ಭಾವನವರು ತನಿಖೆಯಲ್ಲಿ ಎಲ್ಲ ಹೇಳುತ್ತಾರೆ ಎಂದು. "ಸರಿ, ಕಾಯ್ತೀನಿ" ಅಂದಳಂತೆ.

ನಿಮ್ಮ ಬಾಮೈದ


ಮುಖ್ಯ ಕಚೇರಿ, ವಾಹನ ವಿಭಾಗ
ಸೆಪ್ಟೆಂಬರ್ ೨೭
ರಿಜಿಸ್ಟರ್ ಅಂಚೆ

ಇವರಿಗೆ: ಡ್ರೈವರ್, ಗುಡ್ಡದ ಕ್ಯಾಂಪ್
ವಿಷಯ: ಆಗಸ್ಟ್ ೬ರ ಅಪಘಾತ, ಸೇವೆಯಿಂದ ವಜಾ

ತನಿಖಾ ಸಮಿತಿಯು ಈ ಕೆಳಗಿನಂತೆ ಕಂಡುಕೊಂಡಿದೆ ಎಂದು ನಿಮಗೆ ತಿಳಿಸಲಾಗಿದೆ.

ಜನವರಿಯಿಂದ ಆಗಸ್ಟ್‌ವರೆಗಿನ ಎಂಟು ತಪಾಸಣೆ ಚೀಟಿಗಳಲ್ಲಿಯೂ "ಬ್ರೇಕ್: ಸರಿ ಇದೆ" ಎಂದು ನಮೂದಾಗಿದ್ದು, ಎಂಟರ ಕೆಳಗೂ ನಿಮ್ಮ ಸಹಿ ಇರುತ್ತದೆ. ಸಹಿ ನಿಮ್ಮದೆಂದು ನೀವೇ ಸಮಿತಿಯ ಮುಂದೆ ಒಪ್ಪಿರುತ್ತೀರಿ. ಕೊನೆಯ ಚೀಟಿ ಅಪಘಾತದ ಹಿಂದಿನ ದಿನದ್ದಾಗಿರುತ್ತದೆ. ಗಾಡಿಯ ದೋಷದ ಬಗ್ಗೆ ಈ ಕಚೇರಿಗೆ ನಿಮ್ಮಿಂದ ಯಾವುದೇ ಕಾಗದ ಬಂದಿರುವುದಿಲ್ಲ. ಬರೆದಿದ್ದೇನೆಂಬ ನಿಮ್ಮ ಹೇಳಿಕೆಗೆ ನೀವು ಒಂದು ಚೂರು ಕಾಗದವನ್ನೂ ಹಾಜರುಪಡಿಸಿರುವುದಿಲ್ಲ. ಗಾಡಿಯ ಪಾಲನೆಯ ಜವಾಬ್ದಾರಿ ಅದನ್ನು ಓಡಿಸುವವನದೇ ಆಗಿರುತ್ತದೆ.

ಆದ್ದರಿಂದ ನಿಮ್ಮನ್ನು ಸೇವೆಯಿಂದ ವಜಾ ಮಾಡಲಾಗಿದೆ, ಚೀಟಿಗಳನ್ನು ಪೊಲೀಸರಿಗೆ ಒಪ್ಪಿಸಲಾಗಿದೆ. ಗಾಯಗೊಂಡವರ ಮತ್ತು ಮೃತರ ಮನೆಯವರ ಸಮಾಧಾನಕ್ಕಾಗಿ ಚೀಟಿಗಳನ್ನು ಅವರೆಲ್ಲರ ಮುಂದೆ ಓದಿ ಹೇಳಲಾಗಿದೆ.

ಗುಡ್ಡದ ಕ್ಯಾಂಪಿಗೆ ಹೊಸ ಗಾಡಿ ಕೊಡಲಾಗಿದೆ. ಇನ್ನು ಮುಂದೆ ಎಲ್ಲ ಗಾಡಿಗಳಿಗೂ ಮೀಟರ್ ಏನೇ ಇದ್ದರೂ ಮೂರು ತಿಂಗಳಿಗೊಮ್ಮೆ ಸರ್ವಿಸ್ ಮಾಡಿಸಬೇಕೆಂಬ ಕೆಳಗೆ ಸಹಿ ಮಾಡಿದವರ ಸಲಹೆಯನ್ನು ಆಡಳಿತವು ಮೆಚ್ಚುಗೆಯೊಂದಿಗೆ ಒಪ್ಪಿರುತ್ತದೆ.

(ಸಹಿ)
ಮುಖ್ಯಸ್ಥರು, ವಾಹನ ವಿಭಾಗ
(ಆಗಸ್ಟ್ ೨೦ರಿಂದ)


ಸಬ್ ಜೈಲು
ಅಕ್ಟೋಬರ್ ೧೪

ಅಕ್ಕನಿಗೆ,

ಇದು ಭಾವನವರಿಗಲ್ಲ, ನಿನಗೆ. ಅವರು ಕಚೇರಿಗೆ ಹೋದ ಮೇಲೆ ಅಂಚೆ ಬರುತ್ತದೆ ಎಂದು ನನಗೆ ಗೊತ್ತು.

ಅವರ ಮೇಲೆ ದೂರು ಹೇಳುವುದಕ್ಕೆ ಬರೆಯುತ್ತಿಲ್ಲ. ಆಗಸ್ಟ್ ಇಪ್ಪತ್ತು ಯಾಕೆ ಎಂದು ಈಗ ಗೊತ್ತಾಯಿತು. ಚೀಟಿಗೆ ಸಹಿ ಹಾಕಿದ್ದು ನನ್ನ ಕೈ. ಪೆಡಲಿನ ಮೇಲಿದ್ದದ್ದು ನನ್ನ ಕಾಲು. ಆ ಮಂಗಳವಾರ ಗಾಡಿ ತೆಗೆಯದಿದ್ದರೆ ಎಂದು ದಿನಕ್ಕೆ ನೂರು ಸಲ ಅಂದುಕೊಳ್ಳುತ್ತೇನೆ. ಜೈಲು ಎಷ್ಟು ವರ್ಷ ಹೇಳಿದರೂ ಕೂರುತ್ತೇನೆ, ನನಗೇನು ಹೆಂಡತಿಯೇ ಮಕ್ಕಳೇ?

ಒಂದೇ ಒಂದು ವಿಷಯ ಕೇಳುತ್ತೇನೆ. ಚೀಟಿ ಓದಿದ ದಿನ ಲೆಕ್ಕದಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ತಂದಿದ್ದರು. ಎಂಟು ಸಲ "ಬ್ರೇಕ್: ಸರಿ ಇದೆ" ಎಂದು ಓದಿದರು. ಅವಳು ಬೆರಳು ಮಡಚಿ ಎಣಿಸುತ್ತಿದ್ದಳು. ಎಂಟನೆಯದಾದ ಮೇಲೆ ನನ್ನ ಕಡೆ ತಿರುಗಿ, "ದಿನಾ ಬರ್ದಿದೀನಿ ಅಂತಿದ್ರಲ್ಲ, ಇದನ್ನಾ ಬರೀತಿದ್ದಿದ್ದು?" ಅಂದಳು.

ಭಾವನವರು ಕಚೇರಿಗೆ ಬರೆಯಬೇಡ ಎಂದ ಮೇಲೆ ಮೇ ತಿಂಗಳದೂ ಜುಲೈದೂ ನಾನು ಮನೆಗೇ ಬರೆದೆ. ನನ್ನ ಕಾಗದ ನೀನು ಎಸೆಯುವವಳಲ್ಲ, ಚಿಕ್ಕಂದಿನಿಂದ ನೋಡಿದ್ದೇನೆ. ಪೊಲೀಸರಿಗೆ ಕೊಡಬೇಡ, ವಕೀಲರಿಗೆ ಕೊಡಬೇಡ. ಜುಲೈ ಎಂಟರ ಕಾಗದ ಒಂದನ್ನು ಅವಳಿಗೆ ತೋರಿಸು. ಓದಿ, ತಿರುಗಿ ಕೊಟ್ಟುಬಿಡಲಿ. ನಾನು ಅವರಿಗೆ ಸುಳ್ಳು ಹೇಳಿ ಹತ್ತಿಸಿಕೊಳ್ಳಲಿಲ್ಲ ಎಂದು ಅವಳೊಬ್ಬಳಿಗೆ ಗೊತ್ತಾದರೆ ಸಾಕು ಅಕ್ಕ. ಬೇರೆ ಯಾರು ಏನೇ ಅಂದುಕೊಳ್ಳಲಿ.

ನಿನ್ನ ತಮ್ಮ


ನವೆಂಬರ್ ೩

ಮುದ್ದಿನ ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ದಿನಾ ಪೆನ್ನು ಹಿಡಿಯುತ್ತಿದ್ದೆ, ದಿನಾ ಇಡುತ್ತಿದ್ದೆ.

ನೀನು ಹೇಳಿದ್ದು ನಿಜ, ನಿನ್ನ ಕಾಗದಗಳನ್ನು ನಾನು ಎಸೆಯುವವಳಲ್ಲ. ನಿನ್ನ ಭಾವ ತಾವು ಬರೆದವನ್ನು ಬಂದ ದಿನವೇ ಒಲೆಗೆ ಹಾಕಿದರು, ನಿನ್ನವನ್ನೂ ಹಾಕು ಎಂದರು. ಹಾಕಿದೆ ಎಂದೆ. ಹಾಕಿಲ್ಲ. ಮದುವೆಯಾದ ಮೇಲೆ ಅವರಿಗೆ ನಾನು ಹೇಳಿದ ಸುಳ್ಳು ಇದೊಂದೇ ಇರಬೇಕು. ಸೀರೆಗಳ ಮಧ್ಯೆ ಇಟ್ಟಿದ್ದೇನೆ. ಜುಲೈ ತಿಂಗಳದನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿಯುತ್ತಾ ಬಂದಿದೆ. ಯಾರ ತಪ್ಪೆಂದು ನನಗೆ ಗೊತ್ತು ಕಣೋ. ನನಗೊಬ್ಬಳಿಗೆ ಗೊತ್ತಿದೆಯಲ್ಲ, ನಿನಗೆ ಅದು ಸಾಲದೇ?

ಕೊಡುವುದಿಲ್ಲ. ಕೋಪ ಮಾಡಿಕೊಳ್ಳಬೇಡ, ನಿಧಾನವಾಗಿ ಯೋಚನೆ ಮಾಡು. ಒಬ್ಬಳ ಕೈಗೆ ಹೋದ ಕಾಗದ ಹನ್ನೊಂದು ಮನೆಗೆ ಹೋಗುತ್ತದೆ, ಹನ್ನೊಂದು ಮನೆಯಿಂದ ಕಚೇರಿಗೆ ಬರುತ್ತದೆ. ಇವರು ಹುದ್ದೆಗೆ ಏರಿ ಮೂರು ತಿಂಗಳಾಗಿಲ್ಲ. ದೊಡ್ಡ ಕ್ವಾರ್ಟರ್ಸ್ ಕೊಟ್ಟಿದ್ದಾರೆ, ಮೆಟ್ಟಿಲಿಲ್ಲ, ನನ್ನ ಮಂಡಿಗೆ ಹಿತವಾಗಿದೆ. ದೊಡ್ಡವಳನ್ನು ನೋಡಿಕೊಂಡು ಹೋದವರು ಒಪ್ಪಿದ್ದಾರೆ. ನೀನೇ ಬರೆದಿದ್ದೀಯ, ನನಗೇನು ಹೆಂಡತಿಯೇ ಮಕ್ಕಳೇ ಎಂದು. ನೀನು ಹೊರುತ್ತೀಯ. ಚಿಕ್ಕಂದಿನಲ್ಲೂ ನಾನು ಒಡೆದದ್ದಕ್ಕೆಲ್ಲ ಅಪ್ಪನ ಏಟು ತಿಂದವನು ನೀನೇ. ಹೋದವರಂತೂ ತಿರುಗಿ ಬರುವುದಿಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಹೋದ ಮಂಗಳವಾರ ಅವಳೇ ಬಂದಿದ್ದಳು. ಎರಡು ದಿನ ಬಸ್ಸಿನಲ್ಲಿ ಬಂದಿದ್ದಾಳೆ. ಕಂಕುಳಲ್ಲಿ ಊರುಗೋಲು, ಸೀರೆಯ ಒಂದು ಕಡೆ ಖಾಲಿ ನೇತಾಡುತ್ತಿತ್ತು. ಇವರು ಕಚೇರಿಗೆ ಹೋಗಿದ್ದರು. ನೀನು ಬರೆದದ್ದನ್ನು ಓದಿ ನಾನು ಏನೋ ಅಂದುಕೊಂಡಿದ್ದೆ. ಸಣಕ್ಕಿದ್ದಾಳೆ, ಕಣ್ಣು ಮಾತ್ರ ದೊಡ್ಡವು. ಒಳಗೆ ಬಾ ಎಂದೆ.

"ಬೇಡಮ್ಮ, ಕೂತ್ರೆ ಏಳೋದು ಕಷ್ಟ. ಒಂದೇ ಮಾತು ಕೇಳೋಕ್ ಬಂದೆ. ನಿಮ್ಮ ತಮ್ಮ ನಿಮ್ಗೆ ಗಾಡಿ ವಿಷ್ಯ ಬರೀತಿದ್ರಾ?"

"ಏನು ವಿಷಯ?" ಎಂದೆ.

"ಬ್ರೇಕ್ ಹಿಡೀತಿಲ್ಲ ಅಂತ. ಕಚೇರಿಯೋರು ಒಂದೂ ಬಂದಿಲ್ಲ ಅಂದ್ರು. ಅವ್ರು ಸುಳ್ಳು ಹೇಳಿರ್ಬೋದು. ನೀವು ಒಡಹುಟ್ದೋರು, ನೀವು ಹೇಳಿದ್ರೆ ನಂಬ್ತೀನಿ. ಬರ್ದಿದ್ರು ಅಂದ್ಬಿಡಿ ಸಾಕು. ಯಾರ್ಗೂ ಹೇಳಲ್ಲ. ನನ್ ಕಾಲು ಹೋಗಿದ್ದು ಹೋಯ್ತು, ಮನುಷ್ಯ ಎಂಥವ್ನು ಅಂತ ಗೊತ್ತಾಗ್ಬೇಕು ಅಷ್ಟೇ."

ಸೀರೆಗಳಿರುವ ಕಪಾಟು ನನ್ನ ಬೆನ್ನಿಗೇ ತಾಗುತ್ತಿತ್ತು. ಒಳಗೆ ದೊಡ್ಡವಳು ಯಾವುದೋ ಹಾಡು ಗುನುಗುತ್ತಾ ಬಟ್ಟೆ ಮಡಚುತ್ತಿದ್ದಳು.

"ಇಲ್ಲ ಕಣಮ್ಮ," ಎಂದೆ. "ಅವ್ನು ಬರೀ ತಮಾಷೆ ಕಥೆ ಬರೀತಿದ್ದ. ಗಾಡಿ ವಿಷ್ಯ ಒಂದ್ ಸಾಲೂ ಬರೆದೋನಲ್ಲ."

ನೀರು ಕೊಟ್ಟೆ, ಪೂರ್ತಿ ಕುಡಿದು ಲೋಟ ಹೊಸಿಲ ಹತ್ತಿರ ಇಡಲು ಬಗ್ಗಲಾರದೆ ನನ್ನ ಕೈಗೇ ಕೊಟ್ಟಳು. "ಜೈಲಿಗೆ ಹೋಗಿ ನೋಡ್ಕೊಂಡು ಬರೋಣ ಅಂತಿದ್ದೆ," ಎಂದಳು. "ಇನ್ನು ಬೇಡ ಬಿಡಿ." ಗೇಟಿನವರೆಗೆ ನಾನೇ ಕೈ ಹಿಡಿದು ಬಿಟ್ಟು ಬಂದೆ.

ಅವಳು ಬರುತ್ತಾಳೆಂದು ನೀನು ಕಾಯುತ್ತಿದ್ದರೆ, ಕಾಯಬೇಡ. ಅದಕ್ಕೇ ಇದನ್ನು ಬರೆದೆ.

ಆರೋಗ್ಯ ನೋಡಿಕೋ. ಚಳಿಗೆ ಪಕ್ಕೆ ನೋಯುತ್ತಿರಬೇಕು, ಒಂದೇ ಮಗ್ಗುಲಿಗೆ ಮಲಗಬೇಡ. ಕಾಗದ ಬರೆಯುತ್ತಿರು, ಮಕ್ಕಳು ಮಾಮನ ಕಥೆ ಎಲ್ಲಿ ಎಂದು ಕೇಳುತ್ತಿರುತ್ತಾರೆ. ಗಾಡಿಯ ವಿಷಯ ಮಾತ್ರ ಬೇಡ.

ನಿನ್ನ ಅಕ್ಕ